ಔಷಧಿ ಅಂಗಡಿ ಮುಚ್ಚುವ ಮೊದಲು ಊರಿಗೆ ತಿಳಿಸಿ

ಕಿರಾಣಿ ಅಂಗಡಿ ಮುಚ್ಚಿದರೆ ಅದೇ ಬೇಳೆ, ಬೆಲ್ಲ ಪಕ್ಕದ ಅಂಗಡಿಯಲ್ಲಿ ಸಿಗುತ್ತದೆ. ಔಷಧಿ ಅಂಗಡಿಯ ಮಾತು ಹಾಗಲ್ಲ. ನಿಂಬರ್ಗಾದಂಥ ಹೋಬಳಿ ಊರಿನಲ್ಲಿ ಒಂದು ಮೆಡಿಕಲ್ ಅಂಗಡಿಗೆ ಬೀಗ ಬಿದ್ದರೆ ಸುತ್ತಲಿನ ಹಳ್ಳಿಯವರು ಆಳಂದಕ್ಕೋ ಕಲಬುರಗಿಗೋ ಬಸ್ ಹತ್ತಬೇಕಾದೀತು. ಅದಕ್ಕೆ ಒಂದು ದಿನದ ಕೂಲಿ ಹೋಗುತ್ತದೆ. ‘ಮುಂದಿನ ವಾರ ತಂದರಾಯಿತು’ ಎಂದುಕೊಂಡು ಗುಳಿಗೆ ಅಲ್ಲಿಗೇ ನಿಲ್ಲುತ್ತದೆ.

ಅಪಾಯವಿರುವುದು ಇಲ್ಲಿಯೇ. ಮೂರ್ಛೆರೋಗದ ಗುಳಿಗೆ ಥಟ್ಟನೆ ತಪ್ಪಿದರೆ ನಿಂತಿದ್ದ ಫಿಟ್ಸ್ ಒಂದರ ಹಿಂದೊಂದು ಬಂದು ಪ್ರಾಣಕ್ಕೇ ಕುತ್ತಾಗಬಹುದು. ಹೃದಯರೋಗಿಗಳು ಅಟೆನೊಲಾಲ್‌ನಂಥ ಗುಳಿಗೆಯನ್ನು ಏಕಾಏಕಿ ಬಿಟ್ಟರೆ ಎದೆನೋವು ಉಲ್ಬಣಿಸಬಹುದು. ಬಹುಕಾಲ ಸ್ಟಿರಾಯ್ಡ್ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿಯಬಹುದು.

ಆನ್‌ಲೈನ್ ಔಷಧ ಮಾರಾಟವನ್ನು ವಿರೋಧಿಸಿ 2018ರ ಸೆಪ್ಟೆಂಬರ್ 28ರಂದು ದೇಶದ ಔಷಧ ವ್ಯಾಪಾರಿಗಳು ಒಂದು ದಿನದ ಬಂದ್ ನಡೆಸಿದರು. ದಿನಾಂಕವನ್ನು ಮೊದಲೇ ಪ್ರಕಟಿಸಿದ್ದರು. ಒಂದು ದಿನದ ಬಂದ್‌ಗೆ ಮುನ್ಸೂಚನೆ ಕೊಡುವುದಾದರೆ, ಕಾಯಮ್ಮಾಗಿ ಮುಚ್ಚುವಾಗ ಏಕೆ ಬೇಡ? ಸರ್ಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಿಸಲು 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆದೇಶಿಸಿತು. ಜುಲೈಯಲ್ಲಿ ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ತಡೆ ನೀಡಿತು. ಆ ಆದೇಶದ ಸರಿ ತಪ್ಪುಗಳ ಚರ್ಚೆ ಬೇರೆ. ಬಾಗಿಲು ಹಾಕುವವರು ಯಾರೇ ಇರಲಿ, ಮೊದಲು ತಿಳಿಸಬೇಕಾದದ್ದು ರೋಗಿಗೆ.

ಅಂಗಡಿ ನಡೆಸುವುದು, ಬಿಡುವುದು ಮಾಲೀಕರ ಹಕ್ಕು. ಆದರೆ ರೋಗಿಗಳು ಸಾಮಾನ್ಯವಾಗಿ ಒಂದೊಂದು ತಿಂಗಳ ಗುಳಿಗೆ ಒಯ್ಯುವುದರಿಂದ, ಕನಿಷ್ಠ ಒಂದು ತಿಂಗಳು ಮೊದಲೇ ತಿಳಿಸುವುದು ನ್ಯಾಯ. ಕೊನೆಯ ದಿನ ಯಾವುದು, ಆಮೇಲೆ ಔಷಧಿ ಎಲ್ಲಿ ಸಿಗುತ್ತದೆ ಎಂದು ಬಾಗಿಲಿಗೆ ದಪ್ಪಕ್ಷರದಲ್ಲಿ ಬರೆದು ಹಚ್ಚಲಿ. ಓದು ಬಾರದವರಿಗೆ ಗುಳಿಗೆ ಕೊಡುವಾಗಲೇ ಬಾಯಿಮಾತಿನಲ್ಲಿ ಹೇಳಲಿ. ಆರೋಗ್ಯ ಕೇಂದ್ರದ ವೈದ್ಯರಿಗೆ, ಆಶಾ ಕಾರ್ಯಕರ್ತೆಯರಿಗೆ, ಪಂಚಾಯಿತಿಗೆ ಸುದ್ದಿ ಮುಟ್ಟಿಸಲಿ. ಅಂಗಡಿಯಲ್ಲೇ ಉಳಿದ ಚೀಟಿಗಳನ್ನು ಆಯಾ ರೋಗಿಗಳಿಗೆ ಹಿಂದಿರುಗಿಸಲಿ.

ಓದುಗರೇ, ನಿಮ್ಮ ಪಾಲಿನ ಕೆಲಸವೂ ಇದೆ. ವೈದ್ಯರ ಚೀಟಿಯನ್ನು ಮನೆಯಲ್ಲೇ ಕಾಪಾಡಿ. ಅಂಗಡಿಯವರಿಗೆ ಗುರುತಿದೆಯೆಂದು ಗುಳಿಗೆಯ ಬಣ್ಣವನ್ನಷ್ಟೇ ನೆಚ್ಚಬೇಡಿ. ಹೆಸರು, ಪ್ರಮಾಣ ಬರೆದಿಡಿ. ಹತ್ತು ದಿನಕ್ಕಾಗುವಷ್ಟು ಉಳಿದಿರುವಾಗಲೇ ಮತ್ತೆ ತನ್ನಿ. ಸಿಗದಿದ್ದರೆ ನೆರೆಯವರ ಗುಳಿಗೆ ನುಂಗದೆ ವೈದ್ಯರನ್ನು ಕೇಳಿ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಸಾಮಾನ್ಯ ಗುಳಿಗೆಗಳನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುತ್ತಾರೆ.

ಮನೆಯ ಹಿರಿಯರ ಡಬ್ಬಿಯಲ್ಲಿ ಎಷ್ಟು ದಿನದ ಗುಳಿಗೆ ಉಳಿದಿದೆ ಎಂದು ಇಂದೇ ಎಣಿಸಿ ನೋಡಿ.