ಅಜ್ಜನ ಬಂದೂಕಿಗೆ ವಾರಸುದಾರ ಯಾರು?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಳೇ ಗೌಡಕಿ ಮನೆಗಳಲ್ಲಿ ಬೇಟೆ ಬಂದೂಕು ಇನ್ನೂ ಒಂದೊಂದು ಇದ್ದರೂ ಇದ್ದೀತು. ಆಯುಧಪೂಜೆ ದಿನ ಕೆಳಗಿಳಿಸಿ, ಎಣ್ಣೆ ಒರೆಸಿ, ಕುಂಕುಮ ಹಚ್ಚಿ ಕಾಯಿ ಒಡೀತಾರೆ. ಮರುದಿನ ಮತ್ತೆ ಅಟ್ಟಕ್ಕೆ. "ಯಾರ್ದಪಾ ಇದು?" ಅಂದರೆ "ನಮ್ಮ ಅಜ್ಜಂದು ರೀ" ಅಂತ ಎದೆ ಉಬ್ಬಿಸಿ ಹೇಳ್ತಾರೆ. "ಲೈಸೆನ್ಸು ಯಾರ ಹೆಸರಿಗೈತಿ?" ಅಂದರೆ ಮಾತು ತೊದಲುತ್ತದೆ. ಅದೂ ಅಜ್ಜನ ಹೆಸರಿಗೇ! ಅಜ್ಜ ಶಿವನ ಪಾದ ಸೇರಿ ಎಷ್ಟು ವರ್ಷವಾಯಿತೋ!

ಸ್ವಾಮಿ, ಹೊಲಮನೆ ಬಂದ ಹಾಗೆ ಬಂದೂಕು ತಾನಾಗಿ ಮಗನ ಪಾಲಿಗೆ ಬರುವುದಿಲ್ಲ. ಲೈಸೆನ್ಸು ಮನೆತನಕ್ಕಲ್ಲ, ಆಸಾಮಿಗೆ. 1959ರ ಆಯುಧ ಕಾಯ್ದೆಯ 21ನೇ ಕಲಂ ಪ್ರಕಾರ, ಲೈಸೆನ್ಸುದಾರ ತೀರಿಕೊಂಡರೆ ಮನೆಯವರು ತಡಮಾಡದೆ ಅದನ್ನು ಪೊಲೀಸ್ ಠಾಣೆಗೋ ಲೈಸೆನ್ಸಿರುವ ಬಂದೂಕು ಅಂಗಡಿಗೋ ಒಪ್ಪಿಸಬೇಕು. ಆಮೇಲೆ ವಾರಸುದಾರ ತನ್ನ ಹೆಸರಿಗೆ ಲೈಸೆನ್ಸು ಪಡೆದು ಬಿಡಿಸಿಕೊಳ್ಳಬೇಕು. ಸುಮ್ಮನೆ ಅಟ್ಟದಲ್ಲಿಟ್ಟರೆ ಅದು ಅಕ್ರಮ ಶಸ್ತ್ರ. 2019ರ ತಿದ್ದುಪಡಿಯಾದ ಮೇಲೆ ಶಿಕ್ಷೆ ಕಡಿಮೆ ಅಂದರೆ 2 ವರ್ಷ, 5 ವರ್ಷದವರೆಗೂ ಹೋದೀತು. ಪೂಜೆ ಮಾಡಿದ ಸಾಮಾನಿಗೆ ಜೈಲೇ ಪ್ರಸಾದ!

ಜನರದ್ದೇ ತಪ್ಪು ಅಂತೀರಾ? ಹರಪನಹಳ್ಳಿಯವರ ಪಾಡು ನೋಡಿ. ಅಜ್ಜನ ಕಾಲದಲ್ಲಿ ಮದರಾಸು ಸರಕಾರ, ಬಳ್ಳಾರಿ ಕಲೆಕ್ಟರ ಕಚೇರಿ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿತು. 1997ರಲ್ಲಿ ತಾಲ್ಲೂಕನ್ನು ಹೊಸ ದಾವಣಗೆರೆ ಜಿಲ್ಲೆಗೆ ಹಾಕಿದರು. 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ. ಬಂದೂಕು ಪಾಪ ಅಟ್ಟ ಬಿಟ್ಟು ಅಲುಗಲಿಲ್ಲ, ಅದನ್ನಾಳುವ ಕಚೇರಿ ಮಾತ್ರ ಊರೂರು ತಿರುಗಿತು. ಹಳೇ ಕಡತ ಯಾವ ಊರಿನ ಯಾವ ಬೀರುವಿನಲ್ಲಿದೆಯೋ, ಹುಡುಕುವವನು ಯಾವ ಬಸ್ಸು ಹತ್ತಬೇಕು?

ಬೇಟೆ ಕಾಲ ಮುಗಿದು ಅರ್ಧ ಶತಮಾನವಾಯಿತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಚಿಗರಿ, ಮೊಲ, ಕೌಜುಗದ ಆಟ ಬಂದ್. ಅದು ಒಳ್ಳೆಯದೇ ಆಯಿತು. ಗುಡೇಕೋಟೆಯ ಕರಡಿಗಳಿಗೂ ಬದುಕುವ ಹಕ್ಕುಂಟು. "ಹಂಗಾರ ಬಂದೂಕು ಯಾಕ? ಒಪ್ಪಿಸಿ ಕೈ ತೊಳಕೊಳ್ಳಲಿ" ಅನ್ನುವವರಿದ್ದಾರೆ. ಈ ಮಾತು ನಮಗೆ ಒಪ್ಪಿಗೆಯಿಲ್ಲ. ಅಜ್ಜನ ಕೈ ಸವೆಸಿದ ಹಿಡಿಕೆಗೆ ಬೆಲೆ ಕಟ್ಟಲು ಬರುವುದಿಲ್ಲ. ಕೊಡಗಿನವರ ಕೋವಿಗೆ ಸರಕಾರ 2029ರ ಅಕ್ಟೋಬರ್‌ವರೆಗೆ ಲೈಸೆನ್ಸಿನಿಂದಲೇ ವಿನಾಯಿತಿ ಕೊಟ್ಟಿದೆ. ನಾವು ವಿನಾಯಿತಿ ಕೇಳುತ್ತಿಲ್ಲ, ಕಾಗದ ಸರಿಮಾಡಿಕೊಳ್ಳುವ ದಾರಿ ಕೇಳುತ್ತಿದ್ದೇವೆ.

ದಾರಿ ಕಾನೂನಿನಲ್ಲೇ ಇದೆ. 2016ರ ಆಯುಧ ನಿಯಮಗಳ ಪ್ರಕಾರ, ಯಜಮಾನರಿಗೆ 70 ತುಂಬಿದರೆ ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ತಾವು ಹೇಳಿದ ವಾರಸುದಾರನಿಗೆ ಲೈಸೆನ್ಸು ಕೊಡಿಸಬಹುದು. ಅಜ್ಜ ಕಟ್ಟೆ ಮೇಲೆ ಕೂತು ಎಲೆಯಡಿಕೆ ಹಾಕುತ್ತಿರುವಾಗಲೇ ಸಹಿ ಮಾಡಿಸಿಕೊಳ್ಳಿ. ಆಮೇಲೆ ಅಣ್ಣತಮ್ಮಂದಿರ ಜಗಳಕ್ಕೂ ಎಡೆಯಿಲ್ಲ.

ಇನ್ನೊಂದು ತಮಾಷೆ. ಚುನಾವಣೆ ಬಂತೆಂದರೆ ಲೈಸೆನ್ಸಿದ್ದವನಿಗೇ ಠಾಣೆಯಿಂದ ಕರೆ, ಬಂದೂಕು ತಂದಿಡು ಅಂತ. ಅಟ್ಟದಲ್ಲಿ ಬಚ್ಚಿಟ್ಟವನಿಗೆ ಆ ಕಾಟವೇ ಇಲ್ಲ. ಲೆಕ್ಕದಲ್ಲೇ ಇಲ್ಲದ್ದನ್ನು ಕೇಳುವವರಾರು? ಕಳ್ಳ ಕದ್ದೊಯ್ದರೆ ದೂರು ಕೊಡುವ ಧೈರ್ಯವೂ ಮನೆಯವನಿಗಿಲ್ಲ. ಮಕ್ಕಳ ಕೈಗೆ ಸಿಕ್ಕರಂತೂ ಹೇಳುವುದೇ ಬೇಡ.

ಜನ ಠಾಣೆ ಮೆಟ್ಟಿಲು ಹತ್ತಲು ಹೆದರುವುದು ಸುಮ್ಮನಲ್ಲ. ತಡವಾಗಿ ತಂದವನನ್ನೇ ಹಿಡಿದು ಕೂರಿಸಿದರೆ? ಅದಕ್ಕೇ ಹೊಸಪೇಟೆಯಲ್ಲಿ ಕುಳಿತ ಜಿಲ್ಲಾಧಿಕಾರಿಗಳಲ್ಲಿ ಒಂದು ಬಿನ್ನಹ. ಐದೂ ತಾಲ್ಲೂಕಿನ ತಹಸೀಲ್ದಾರ್ ಕಚೇರಿಯಲ್ಲಿ ಒಂದೊಂದು ದಿನ, ಪೊಲೀಸರನ್ನೂ ಕರೆಸಿ, ವಾರಸಾ ಬಂದೂಕುಗಳ ಶಿಬಿರ ನಡೆಸಿ. ಹಳೇ ಕಡತ ಹುಡುಕುವ ಹೊಣೆ ಕಚೇರಿಯದೇ ಇರಲಿ. ತಾನಾಗಿ ಬಂದವನನ್ನು ಕಳ್ಳನಂತೆ ಕಾಣಬೇಡಿ. ಸಂತೆ ದಿನ ಇಟ್ಟರಂತೂ ಇನ್ನೂ ಚಲೋ, ಬಸ್ ಚಾರ್ಜು ಒಂದೇ ಆಗುತ್ತದೆ.

ಅಲ್ಲಿಯವರೆಗೆ ಕಾಯಬೇಡಿ. ಯಜಮಾನರು ತೀರಿಹೋಗಿದ್ದರೆ ಮೊದಲು ಒಬ್ಬ ವಕೀಲರನ್ನು ಕಾಣಿ, ಅವರ ಜೊತೆಯಲ್ಲೇ ಠಾಣೆಗೆ ಒಪ್ಪಿಸಿ. ರಶೀದಿ ಕೈಗೆ ಬರುವ ತನಕ ಠಾಣೆಯ ಬಾಗಿಲು ಬಿಟ್ಟು ಕದಲಬೇಡಿ.