ಹತ್ತನೇ ಕ್ಲಾಸಿನಲ್ಲೇ ತೆರೆಯುವ ಕಾಲೇಜು: ಗಡಿನಾಡ ಪಾಲಕರಲ್ಲಿ ಒಂದು ಮನವಿ

ತೆಲಂಗಾಣದ ಮಾಗನೂರು, ಕೃಷ್ಣ, ಮಕ್ತಲ್, ಗದ್ವಾಲ ಸೀಮೆಯ ಕನ್ನಡ ಬಂಧುಗಳೇ,

ನಿಮ್ಮ ಮನೆಯಲ್ಲಿ ಎಂಟು, ಒಂಬತ್ತು, ಹತ್ತನೇ ಕ್ಲಾಸು ಓದುವ ಮಗುವಿದ್ದರೆ ಈ ಮಾತು ನಿಮಗೇ. ಇಂಟರ್ ಮುಗಿಯಲಿ, ಕಾಲೇಜಿನ ವಿಚಾರ ಆಮೇಲೆ ನೋಡಿದರಾಯಿತು ಎಂದು ನಮ್ಮಲ್ಲಿ ಬಹಳ ಮಂದಿ ಸುಮ್ಮನಿದ್ದುಬಿಡುತ್ತಾರೆ. ಆದರೆ ಹೈಸ್ಕೂಲಿನ ಓದಿನ ಮೇಲೇ ಕಾಲೇಜು ಸೇರುವ ದಾರಿಗಳಿವೆ. ಅವು ಹತ್ತನೇ ಕ್ಲಾಸು ಮುಗಿಯುವ ಹೊತ್ತಿಗೇ ತೆರೆದು, ಕೆಲವೇ ವಾರಗಳಲ್ಲಿ ಮುಚ್ಚಿಹೋಗುತ್ತವೆ. ನಮ್ಮ ಮಕ್ಕಳು ಬುದ್ಧಿ ಸಾಲದೆ ಹಿಂದೆ ಬೀಳುತ್ತಿಲ್ಲ, ಸುದ್ದಿ ತಿಳಿಯದೆ ಬೀಳುತ್ತಿದ್ದಾರೆ.

ಮೊದಲನೆಯ ದಾರಿ ಬಾಸರದ ರಾಜೀವ್ ಗಾಂಧಿ ತಂತ್ರಜ್ಞಾನ ವಿಶ್ವವಿದ್ಯಾಲಯ, ಜನರ ಬಾಯಲ್ಲಿ ಬಾಸರ ತ್ರಿಪಲ್ ಐಟಿ. 2008ರಲ್ಲಿ ಹಳ್ಳಿ ಮಕ್ಕಳಿಗೆಂದೇ ಶುರುವಾದ ಸಂಸ್ಥೆ ಇದು. ಎರಡು ವರ್ಷ ಪಿಯುಸಿ, ನಾಲ್ಕು ವರ್ಷ ಬಿ.ಟೆಕ್, ಒಟ್ಟು ಆರು ವರ್ಷ ಒಂದೇ ಕಡೆ. ಬೇರೆ ಪ್ರವೇಶ ಪರೀಕ್ಷೆಯಿಲ್ಲ, ಹತ್ತನೇ ಕ್ಲಾಸಿನ ಸಾಧನೆಯೇ ಆಧಾರ. ಗ್ರೇಡಿನ ಲೆಕ್ಕ ನಡೆಯುತ್ತಿದ್ದ ಕಾಲದಲ್ಲಿ ಹಾಸ್ಟೆಲ್ ಇಲ್ಲದ ಸರಕಾರಿ ಶಾಲೆಗಳ ಮಕ್ಕಳ ಗ್ರೇಡಿಗೆ 0.4 ಸೇರಿಸಿ ಎಣಿಸುತ್ತಿದ್ದರು. ಊರ ಸರಕಾರಿ ಶಾಲೆಯಲ್ಲಿ ಓದಿದ್ದಕ್ಕೆ ಅಲ್ಲಿ ಸಿಕ್ಕ ಮನ್ನಣೆ ಅದು.

ಎರಡನೆಯದು ಪಾಲಿಟೆಕ್ನಿಕ್. ಅದಕ್ಕೆ ಸೇರಲು ಬರೆಯುವ ಪಾಲಿಸೆಟ್ ಪರೀಕ್ಷೆಯಲ್ಲಿ ಗಣಿತ, ಭೌತ, ರಸಾಯನ ಸೇರಿ 120 ಅಂಕ. ಪಠ್ಯವೆಲ್ಲ ಹತ್ತನೇ ಕ್ಲಾಸಿನದೇ. ಮೂರು ವರ್ಷದ ಡಿಪ್ಲೊಮಾ ಮುಗಿಸಿ ಇಸೆಟ್ ಪ್ರವೇಶ ಪರೀಕ್ಷೆ ಬರೆದು ರ‍್ಯಾಂಕ್ ಪಡೆದವರು ನೇರವಾಗಿ ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರುತ್ತಾರೆ. ಇಂಟರ್ ಎರಡು, ಬಿ.ಟೆಕ್ ನಾಲ್ಕು, ಒಟ್ಟು ಆರು ವರ್ಷ. ಡಿಪ್ಲೊಮಾ ಮೂರು, ಬಿ.ಟೆಕ್ ಮೂರು, ಅದೂ ಆರೇ ವರ್ಷ. ವ್ಯತ್ಯಾಸ ಇಷ್ಟೇ: ಡಿಪ್ಲೊಮಾದವರ ಕೈಯಲ್ಲಿ ಮೂರನೇ ವರ್ಷಕ್ಕೇ ಕೆಲಸ ಕೇಳಲು ಒಂದು ಪ್ರಮಾಣಪತ್ರ ಇರುತ್ತದೆ. ಮಳೆ ಕೈಕೊಟ್ಟ ವರ್ಷ ಓದು ನಿಲ್ಲಿಸಬೇಕಾಗಿ ಬರುವ ಮನೆಗೆ ಇದು ಸಣ್ಣ ಮಾತಲ್ಲ. ವನಪರ್ತಿಯ ಹಳೆಯ ಅರಮನೆಯಲ್ಲಿರುವ ಸರಕಾರಿ ಪಾಲಿಟೆಕ್ನಿಕ್ ನಮಗೆ ದೂರವೂ ಅಲ್ಲ.

ಇವೆರಡೂ ಹತ್ತನೇ ಕ್ಲಾಸು ಮುಗಿದ ಮೇಲಿನ ದಾರಿಗಳು. ಶಾಲೆಯಲ್ಲಿರುವಾಗಲೇ ಕಾಲೇಜಿನ ಕ್ರೆಡಿಟ್, ಅಂದರೆ ಕಲಿತದ್ದಕ್ಕೆ ಸಿಗುವ ಎಣಿಕೆ, ಗಳಿಸುವ ಪದ್ಧತಿ ಅಮೆರಿಕದಲ್ಲಿ ಹಳೆಯದು. ಅಲ್ಲಿನ ಮಿನ್ನೆಸೋಟ ರಾಜ್ಯ 1985ರಲ್ಲೇ ಕಾನೂನು ಮಾಡಿ, ಹನ್ನೊಂದು, ಹನ್ನೆರಡನೇ ತರಗತಿಯವರು ಶುಲ್ಕವಿಲ್ಲದೆ ಕಾಲೇಜಿನ ಪಾಠ ಓದಿ ಎರಡೂ ಕಡೆ ಲೆಕ್ಕಕ್ಕೆ ಹಿಡಿಸಿಕೊಳ್ಳಲು ಅವಕಾಶ ಕೊಟ್ಟಿತು. ನಮ್ಮ ದೇಶವೂ ಆ ಕಡೆ ಹೆಜ್ಜೆ ಇಟ್ಟಿದೆ. ಕಾಲೇಜು ಮಕ್ಕಳ ಕ್ರೆಡಿಟ್ ಕೂಡಿಡುವ ಅಕಾಡೆಮಿಕ್ ಬ್ಯಾಂಕ್ 2021ರಲ್ಲಿ ಬಂತು. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆಯ ಓದನ್ನೂ ಇದೇ ಲೆಕ್ಕಕ್ಕೆ ತಂದಿತು: 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್, ವರ್ಷಕ್ಕೆ 40. ಇದು ಹಳ್ಳಿಯ ಶಾಲೆಗೆ ಪೂರ್ತಿಯಾಗಿ ಇಳಿಯಲು ಕಾಲ ಬೇಕು. ಇಳಿದ ದಿನ ನಮ್ಮ ಮಕ್ಕಳ ಕಾಗದಪತ್ರ ಸರಿಯಿರಬೇಕು. ಅದಕ್ಕೇ ಈ ಮನವಿ.

ಪಾಲಕರೇ, ಮೊದಲು ಹೆಸರು ನೋಡಿ. ನಮ್ಮ ಮಕ್ಕಳ ಹೆಸರು ಶಾಲೆಯ ರಿಜಿಸ್ಟರಿನಲ್ಲಿ ಒಂದು ತರಹ, ಆಧಾರ್‌ನಲ್ಲಿ ತೆಲುಗಿನಲ್ಲಿ ಇನ್ನೊಂದು ತರಹ, ಇಂಗ್ಲಿಷಿನಲ್ಲಿ ಮತ್ತೊಂದು ತರಹ ಇರುವುದುಂಟು. ಒಂದು ಕಡೆ ಮನೆತನದ ಹೆಸರು ಮುಂದೆ, ಇನ್ನೊಂದು ಕಡೆ ಹಿಂದೆ. ಕ್ರೆಡಿಟ್ ಜಮೆಯಾಗುವ ಅಪಾರ್ ಸಂಖ್ಯೆ ಮಾಡಿಸಲು ಹೋದಾಗ ಹೆಸರು, ಹುಟ್ಟಿದ ತಾರೀಖು ತಾಳೆಯಾಗದೆ ಅರ್ಜಿ ನಿಂತುಬಿಡುತ್ತದೆ. ಹತ್ತನೇ ಕ್ಲಾಸಿನ ಮೆಮೊ ಅಚ್ಚಾದ ಮೇಲೆ ತಿದ್ದಿಸುವುದು ದೊಡ್ಡ ಓಡಾಟ. ಒಂಬತ್ತನೇ ಕ್ಲಾಸಿನಲ್ಲೇ ಹೆಡ್ಮಾಸ್ತರರ ಹತ್ತಿರ ಹೋಗಿ, ರಿಜಿಸ್ಟರು, ಆಧಾರ್ ಎರಡನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ.

ಎರಡನೆಯದು, ಗಡಿ ದಾಟಿಸುವ ಮುಂಚೆ ವಿಚಾರಿಸಿ. ಒಳ್ಳೆಯ ಶಾಲೆಯೆಂದು ಮಕ್ಕಳನ್ನು ರಾಯಚೂರಿನಲ್ಲಿಟ್ಟು ಓದಿಸುವವರು ನಮ್ಮಲ್ಲಿದ್ದಾರೆ. ಅದು ತಪ್ಪೆಂದು ಹೇಳುತ್ತಿಲ್ಲ. ಆದರೆ ತೆಲಂಗಾಣದಲ್ಲಿ ಶೇಕಡ 85 ಸೀಟು ಸ್ಥಳೀಯರಿಗೆ. ಅರ್ಹತಾ ಪರೀಕ್ಷೆಯವರೆಗಿನ ಸತತ ನಾಲ್ಕು ವರ್ಷ ಎಲ್ಲಿ ಓದಿದರು ಎಂಬುದು ಸ್ಥಳೀಯತೆಯ ಮುಖ್ಯ ಅಳತೆ. ಅತ್ತ ಕರ್ನಾಟಕದ ಸಿಇಟಿ ಸೀಟಿಗೆ ಸಾಮಾನ್ಯವಾಗಿ ಅಲ್ಲಿ ಏಳು ವರ್ಷ ಓದಿರಬೇಕು. ನಡುವೆ ದಾಟಿದ ಮಗು ಎರಡೂ ಕಡೆ ಹೊರಗಿನದಾಗುವ ಅಪಾಯವಿದೆ. ಟಿಸಿ ತೆಗೆಸುವ ಮುಂಚೆ ಈ ವರ್ಷಗಳನ್ನು ಬೆರಳಲ್ಲಿ ಎಣಿಸಿಕೊಳ್ಳಿ.

ಗುರುಗಳೇ, ನಿಮ್ಮಲ್ಲಿ ಬೇರೊಂದು ಕೋರಿಕೆ. ಹತ್ತನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯನ್ನು ನಮ್ಮ ಮಕ್ಕಳು ಕನ್ನಡದಲ್ಲಿ ಬರೆಯುತ್ತಾರೆ. ಪಾಲಿಸೆಟ್ ಪ್ರಶ್ನೆಪತ್ರಿಕೆ ಮಾತ್ರ ತೆಲುಗು, ಇಂಗ್ಲಿಷಿನಲ್ಲಿ. ಬಹುಪದೋಕ್ತಿಯ ಲೆಕ್ಕವನ್ನು ಸಲೀಸಾಗಿ ಬಿಡಿಸುವ ಹುಡುಗಿ ‘ಪಾಲಿನಾಮಿಯಲ್’ ಎಂದು ಕಂಡಾಗ ತಡವರಿಸುತ್ತಾಳೆ. ವಕ್ರೀಭವನ ಬಲ್ಲ ಹುಡುಗ ‘ರಿಫ್ರ್ಯಾಕ್ಷನ್’ ಎಂದರೆ ಪ್ರಶ್ನೆಯನ್ನೇ ಬಿಡುತ್ತಾನೆ. ಒಂಬತ್ತನೇ ಕ್ಲಾಸಿನಿಂದಲೇ ಪಾಠ ಕನ್ನಡದಲ್ಲಿ ಮಾಡುತ್ತಾ ಎರಡೂ ಪದಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ತರಗತಿಯಲ್ಲೇ ಬಿಡಿಸಿ.

ಪಾಲಿಟೆಕ್ನಿಕ್, ಬಾಸರ, ಬಿ.ಟೆಕ್ ಎಂದು ಓದಿ ದುಡಿಮೆಗೆ ಸೇರಿದ ತಮ್ಮಂದಿರೇ, ತಂಗಿಯರೇ, ಅರ್ಜಿ ತುಂಬುವುದು, ವೆಬ್ ಆಪ್ಷನ್ ಕೊಡುವುದು, ಕೌನ್ಸೆಲಿಂಗ್‌ಗೆ ಯಾವ ಕಾಗದ ಬೇಕು ಎಂಬುದು ನಿಮಗೆ ಗೊತ್ತು. ಬೇಸಿಗೆ ರಜೆಗೆ ಊರಿಗೆ ಬಂದಾಗ ಒಂದು ದಿನ ಶಾಲೆಯ ಜಗಲಿಯಲ್ಲಿ ಕುಳಿತು ಹತ್ತನೇ ಕ್ಲಾಸು ಮುಗಿಸಿದ ಮಕ್ಕಳ ಅರ್ಜಿ ತುಂಬಿಕೊಡಿ.

ಸರಕಾರಗಳಿಗೂ ನಾವು ಕೂಡಿ ಕೇಳಬೇಕಾದದ್ದಿದೆ. ಹತ್ತನೇ ಕ್ಲಾಸಿನ ಪರೀಕ್ಷೆಯನ್ನು ಕನ್ನಡದಲ್ಲಿ ನಡೆಸುವ ತೆಲಂಗಾಣ ಸರಕಾರ ಅದೇ ಪಠ್ಯದ ಮೇಲಿನ ಪಾಲಿಸೆಟ್ ಅನ್ನೂ ಕನ್ನಡದಲ್ಲಿ ಕೊಡಲಿ. ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಣಿತ, ವಿಜ್ಞಾನದ ಕನ್ನಡ-ಇಂಗ್ಲಿಷ್ ಪದಗಳ ಕಿರುಪುಸ್ತಕವೊಂದನ್ನು ಅಚ್ಚು ಹಾಕಿಸಿ ಈ ಕಡೆಯ ಶಾಲೆಗಳಿಗೆ ಕಳಿಸಲಿ. ಗ್ರಾಮಸಭೆಯಲ್ಲಿ ಈ ಎರಡು ಬೇಡಿಕೆಗಳ ಠರಾವು ಮಾಡಿ, ಸಹಿ ಹಾಕಿ ಶಾಸಕರಿಗೆ, ಕಲೆಕ್ಟರರಿಗೆ ಕೊಡಿ.

ಈ ವಾರವೇ ಶಾಲೆಗೆ ಹೋಗಿ, ರಿಜಿಸ್ಟರಿನಲ್ಲಿ ನಿಮ್ಮ ಮಗುವಿನ ಹೆಸರು ನೋಡಿ. ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ.