ಕಾಮರ್ಸ್‌ನವರಿಗೂ ಜೀವಶಾಸ್ತ್ರ ಬೇಕು

ಎಸ್‌ಎಸ್‌ಎಲ್‌ಸಿ ಮುಗಿಸಿ ಕಾಮರ್ಸ್ ಸೇರಿದ ಕೂಡಲೇ ಜೀವಶಾಸ್ತ್ರದ ಬಾಗಿಲು ನಮಗೆ ಮುಚ್ಚಿಬಿಡುತ್ತದೆ. ಇದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. "ನಿನಗೆ ಅಕೌಂಟೆನ್ಸಿ ಸಾಕು, ಪ್ರೋಟೀನು ಯಾಕೆ?" ಎನ್ನುವವರಿಗೆ ಒಂದು ಉದಾಹರಣೆ ಕೊಡುತ್ತೇನೆ.

ಜೀವಕೋಶದ ನ್ಯೂಕ್ಲಿಯಸ್‌ನಲ್ಲಿ ಡಿಎನ್‌ಎಯಿಂದ ಆರ್‌ಎನ್‌ಎ ಎಂಬ ನಕಲು ತಯಾರಾಗುತ್ತದೆ. ಈ ಮೊದಲ ನಕಲಿನಲ್ಲಿ ಬೇಡದ ಭಾಗಗಳೂ ಇರುತ್ತವೆ. ಅವನ್ನು ಕತ್ತರಿಸಿ, ಉಳಿದದ್ದನ್ನು ಜೋಡಿಸಬೇಕು. ಎಲ್ಲಿ ಕತ್ತರಿಸಬೇಕೆಂದು ಗುರುತಿಸಲು ಎಸ್‌ಆರ್ ಎಂಬ ಪ್ರೋಟೀನುಗಳು ಆರ್‌ಎನ್‌ಎಗೆ ಅಂಟಿಕೊಂಡು ನೆರವಾಗುತ್ತವೆ. ಅವುಗಳನ್ನು ಹತೋಟಿಯಲ್ಲಿಡುವುದು ಫಾಸ್ಫೇಟ್ ಎಂಬ ಪುಟ್ಟ ಗುಂಪು.

ಇದನ್ನು ಮೊಹರು ಎಂದುಕೊಳ್ಳಿ. ನಮ್ಮ ಮನೆಯ ಉರ್ದುವಿನಲ್ಲೂ ಇದೇ ಪದವಿದೆ. ಕೈನೇಸ್ ಎಂಬ ಕಿಣ್ವ ಮೊಹರು ಒತ್ತುತ್ತದೆ, ಫಾಸ್ಫಟೇಸ್ ಅಳಿಸುತ್ತದೆ. ಆರ್‌ಎನ್‌ಎಗೆ ಋಣ ವಿದ್ಯುದಂಶ, ಎಸ್‌ಆರ್ ಪ್ರೋಟೀನಿನ ಬಾಲಕ್ಕೆ ಧನ ವಿದ್ಯುದಂಶ. ಮೊಹರಿಲ್ಲದ ಬಾಲ ಸಿಕ್ಕಸಿಕ್ಕ ಆರ್‌ಎನ್‌ಎಗೆ ಅಂಟಬಹುದು. ಫಾಸ್ಫೇಟ್ ತಾನೂ ಋಣವಾದ್ದರಿಂದ ಮೊಹರು ಬಿದ್ದಾಗ ಆ ಸೆಳೆತ ತಗ್ಗಿ, ಸರಿಯಾದ ಜಾಗ ಹಿಡಿಯಲು ಅನುಕೂಲವಾಗುತ್ತದೆ. ಕೆಲಸ ಮುಂದುವರಿಯಲು ಕೆಲವು ಮೊಹರುಗಳು ಅಳಿಯಲೂ ಬೇಕು. ಅತಿಯಾದರೂ ಕಷ್ಟ, ಕಡಿಮೆಯಾದರೂ ಕಷ್ಟ. ಜಮಾ-ಖರ್ಚು ತಾಳೆಯಾಗಬೇಕೆಂದು ನಾವು ದಿನಾ ಕಲಿಯುವುದೂ ಇದನ್ನೇ ತಾನೆ?

ಇದರಲ್ಲಿ ದುಡ್ಡಿನ ಮಾತೂ ಇದೆ. ಒಂದು ಬಗೆಯ ರಕ್ತ ಕ್ಯಾನ್ಸರಿನಲ್ಲಿ ಬೇರೊಂದು ಕೈನೇಸ್ ಬಿಡುವಿಲ್ಲದೆ ಮೊಹರು ಒತ್ತುತ್ತಿರುತ್ತದೆ. ಅದನ್ನು ತಡೆಯುವ ಔಷಧ ಇಮ್ಯಾಟಿನಿಬ್. ಅದರ ಒಂದು ರೂಪಕ್ಕೆ ನೊವಾರ್ಟಿಸ್ ಕಂಪನಿ ಕೇಳಿದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿತು. ಅಗ್ಗದ ಜೆನೆರಿಕ್ ಮಾತ್ರೆಗಳಿಗೆ ದಾರಿ ತೆರೆದೇ ಉಳಿಯಿತು. ಪೇಟೆಂಟ್, ಬೆಲೆ, ಮಾರುಕಟ್ಟೆ ಎಲ್ಲ ನಮ್ಮ ಪಾಠಗಳೇ. ಔಷಧ ಏನು ಮಾಡುತ್ತದೆಂದೇ ತಿಳಿಯದವರು ಅದರ ಬೆಲೆ ನ್ಯಾಯವೇ ಎಂದು ಹೇಗೆ ಹೇಳುವುದು?

ಇದೆಲ್ಲ ಕನ್ನಡದಲ್ಲಿ ಆಗುತ್ತದೆಯೇ ಎಂದು ಕೇಳಬೇಡಿ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರು ಜೊತೆಗಾರರೊಂದಿಗೆ 'ವಿಜ್ಞಾನ' ಎಂಬ ಕನ್ನಡ ಪತ್ರಿಕೆ ಹೊರಡಿಸಿದ್ದರು.

ನನ್ನ ಕೋರಿಕೆ ಎರಡೇ. ಜೀವಶಾಸ್ತ್ರದ ಅಧ್ಯಾಪಕರು ತಿಂಗಳಿಗೊಂದು ಗಂಟೆ ಕಾಮರ್ಸ್ ತರಗತಿಗೆ ಬರಲಿ. ಮಲ್ಲೇಶ್ವರದ ಪಕ್ಕದಲ್ಲೇ ಇರುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1921ರಿಂದ ಜೀವರಸಾಯನ ವಿಭಾಗವಿದೆ. ಆ ಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ತೆರೆಯುವ ದಿನ ಸೈನ್ಸ್‌ನವರ ಜೊತೆ ನಮ್ಮನ್ನೂ ಕರೆದೊಯ್ಯಲಿ. ಪರೀಕ್ಷೆ ಬೇಡ, ಅಂಕವೂ ಬೇಡ. ಕೇಳಲು ನಾವು ಸಿದ್ಧ.